ದಾರಿ ಬಿಡದ ಬಸ್ಸು

ನಮ್ಮ ಮುಂದಿದ್ದ ಬಸ್ಸು ದಾರಿಯನ್ನೇ ಬಿಡುತ್ತಿರಲಿಲ್ಲ. ಒಮ್ಮೆ ಎಡಕ್ಕೆ ವಾಲಿ ಸ್ಕೂಟರಿನವನನ್ನು ಚರಂಡಿಯ ಅಂಚಿಗೆ ತಳ್ಳಿತು. ಇನ್ನೊಮ್ಮೆ ನಡುಗೆರೆ ದಾಟಿ ಎದುರಿನ ಟೆಂಪೋವನ್ನು ಸವರಿಕೊಂಡೇ ಹೋಯಿತು. ಹಂಪ್ ಬಂದರೂ ಬ್ರೇಕ್ ಹಾಕಲಿಲ್ಲ.

“ಇವನಿಗೆ ಲೈಸೆನ್ಸ್ ಕೊಟ್ಟದ್ದು ಯಾರು?” ನಮ್ಮ ಡ್ರೈವರ್ ಹಾರ್ನಿನಿಂದ ಕೈ ತೆಗೆಯದೆ ಬೈದ.

ಹಿಂದಿನ ಸ್ಟಾಪಿನಲ್ಲಿ ಓಡೋಡಿ ಬಂದು ಹತ್ತಿದ್ದ ಹೆಂಗಸು ಅವನ ಸೀಟಿನ ಹಿಂದೆ ಕಂಬಿ ಹಿಡಿದು ನಿಂತಿದ್ದಳು.

“ಅಣ್ಣಾ, ಹೇಗಾದ್ರೂ ಓವರ್‌ಟೇಕ್ ಮಾಡಿ.”

“ಅವನು ಸೈಡ್ ಕೊಡ್ಬೇಕಲ್ಲ ಮಾರಾಯ್ರೆ! ನಿಮಗೆ ಎಂತ ಅಷ್ಟು ಅರ್ಜೆಂಟ್?”

“ಘಾಟಿ ಶುರುವಾಗುವ ಮೊದಲು ಆ ಬಸ್ಸನ್ನು ನಿಲ್ಲಿಸ್ಬೇಕು.”

“ನಿಲ್ಲಿಸಿ ಎಂತ ಮಾಡ್ತೀರಿ? ಅವನಿಗೆ ನಾಲ್ಕು ಬಿಗೀತೀರಾ?” ಕಂಡಕ್ಟರ್ ನಕ್ಕ.

ತಿರುವಿನಲ್ಲಿ ಮುಂದಿನ ಬಸ್ಸು ಮತ್ತೆ ಬಲಕ್ಕೆ ಸರಿಯಿತು. ಎದುರಿನಿಂದ ಬಂದ ಲಾರಿ ಕಿರ್ರನೆ ಬ್ರೇಕ್ ಹಾಕಿತು.

“ಫೋನ್ ಮಾಡಿದ್ರೂ ಎತ್ತುವುದಿಲ್ಲ.” ಅವಳು ಕೈಯಲ್ಲಿದ್ದ ಮೊಬೈಲ್ ತೋರಿಸಿದಳು. “ಅದನ್ನು ಓಡಿಸುವುದು ನನ್ನ ಗಂಡ.”

ಡ್ರೈವರ್ ಕನ್ನಡಿಯಲ್ಲಿ ಅವಳ ಮುಖ ನೋಡಿದ.

“ಬೆಳಿಗ್ಗೆ ಗಡಿಬಿಡಿಯಲ್ಲಿ ಇದನ್ನು ಮರೆತು ಹೋದ್ರು” ಎನ್ನುತ್ತ ಅವಳು ಚೀಲದಿಂದ ದಪ್ಪ ಗಾಜಿನ ಕನ್ನಡಕ ತೆಗೆದಳು.