ಡಿಗ್ರಿಯ ನಂತರದ ಗ್ಯಾಪ್

“ಡಿಗ್ರಿ ಆದ ಮೇಲೆ ಇಷ್ಟು ವರ್ಷ ಎಂತ ಮಾಡಿದ್ದು?”

ಲಿಯೋನೆಲ್ ಹೀಗೆ ಕೇಳಿದ್ದು ಎದುರು ಕೂತಿದ್ದ ತಾಯಿ, ಮಗಳ ಕಡೆಗೆ ನೋಡಿ. ಉತ್ತರ ಕೊಟ್ಟವರು ರಾಮದಾಸರು.

“ಎಂತ ಮಾಡ್ಲಿಕ್ಕೆ ಉಂಟು? ಮನೆಯಲ್ಲಿ ಇದ್ದಳು.”

ವಿದೇಶಕ್ಕೆ ಓದಲು ಹೊರಟವರ ಕಾಗದಪತ್ರ ಸರಿಮಾಡಿಕೊಡುವುದು ಲಿಯೋನೆಲ್‌ನ ಕಸುಬು. ಮಣಿಪಾಲದ ತನ್ನ ಪುಟ್ಟ ಕಚೇರಿಯಲ್ಲಿ ಅವನು ಎಂಥೆಂಥದೋ ಕೇಸು ಕಂಡವನು. ಪೆನ್ನು ಕೆಳಗಿಟ್ಟ.

“ಹಾಗೆ ಹೇಳಿದರೆ ಆಗುವುದಿಲ್ಲ ಸರ್. ಗ್ಯಾಪ್ ಅಂದರೆ ಜಪಾನಿನವರಿಗೆ ಸಂಶಯ. ಮನೆಯಲ್ಲಿ ಇದ್ದೆ ಅಂದರೆ ಸುಮ್ಮನೆ ಕೂತಿದ್ದೆ ಅಂತ ಅರ್ಥ.”

“ಮತ್ತೆ ಸುಮ್ಮನೆ ಅಲ್ಲದೆ?”

ಶ್ರೀಮತಿ ಕಿಟಕಿಯ ಹೊರಗೆ ನೋಡಿದಳು. ಅನ್ವಿತಾ ಕೊರಳಲ್ಲಿದ್ದ ಗುರುತಿನ ಚೀಟಿಯ ದಾರ ತಿರುವುತ್ತ ಅಪ್ಪನನ್ನೇ ನೋಡಿದಳು.

“ಅಡುಗೆ, ಬಂದವರ ಉಪಚಾರ, ಹಾಸಿಗೆ ಹಿಡಿದವರನ್ನು ನೋಡಿಕೊಂಡದ್ದು... ಅಂಥದ್ದು ಏನಾದರೂ?”

“ಅದೆಲ್ಲ ಉಂಟು. ಅದು ಕೆಲಸವಾ ಮಾರಾಯ?”

ಲಿಯೋನೆಲ್ ಬರೆದುಕೊಂಡ: ಗೃಹ ನಿರ್ವಹಣೆ, ಆತಿಥ್ಯ, ಹಿರಿಯರ ಶುಶ್ರೂಷೆ. ಖಾಲಿ ವರ್ಷಗಳೆಲ್ಲ ಒಂದೇ ಸಾಲಿನಲ್ಲಿ ತುಂಬಿಹೋದವು.

ರಾಮದಾಸರು ನಿವೃತ್ತ ಮುಖ್ಯೋಪಾಧ್ಯಾಯರು. ಹೆಣ್ಣುಮಕ್ಕಳು ಓದಬೇಕು ಎಂದು ಕಡಿಯಾಳಿಯ ಎಷ್ಟೋ ಸಭೆಗಳಲ್ಲಿ ಮೈಕು ಹಿಡಿದವರು. ಆ ಮಾತು ತಮ್ಮ ಮನೆಯಲ್ಲೇ ಒಬ್ಬಳ ತಲೆಗೆ ಹೊಕ್ಕು, ಅವಳು ಜಪಾನಿ ಕಲಿಯಲು ಜಪಾನಿಗೇ ಹೋಗುತ್ತೇನೆ ಎಂದಾಗ ಮಾತ್ರ ಅವರ ನಿದ್ದೆ ಹಾರಿತು. ಈ ವಯಸ್ಸಿನಲ್ಲಿ, ಒಬ್ಬಳೇ, ಅಷ್ಟು ದೂರ! ಜನ ಎಂತ ಹೇಳಿಯಾರು?

ಜನ ಹೇಳತೊಡಗಿಯೂ ಆಗಿತ್ತು. ಕಾಪುವಿನಿಂದ ಅಕ್ಕ ಫೋನ್ ಮಾಡಿದರು. “ಮಗಳನ್ನು ಜಪಾನಿಗೆ ಕಳಿಸ್ತೀಯಂತೆ? ಮದುವೆ ಮಾಡುವುದು ಬಿಟ್ಟು?”

“ಹೂಂ, ಈ ಜಪಾನಿನ ತಲೆನೋವು ಒಮ್ಮೆ ಮುಗಿಯಲಿ,” ಎಂದು ರಾಮದಾಸರು ಮಾತು ತೇಲಿಸಿದರು.

ಅವರ ಹತ್ತಿರ ಒಂದು ಅಸ್ತ್ರವಿತ್ತು. ಖರ್ಚು ಹೊರುವ ಸ್ಪಾನ್ಸರ್ ಇಲ್ಲದೆ ವೀಸಾ ಸಿಗದು. ಮುಂದಿನ ವಾರ ಲಿಯೋನೆಲ್‌ನ ಕಚೇರಿಯಲ್ಲಿ ಅದನ್ನು ಬಿಟ್ಟರು. “ನಾನು ಸಹಿ ಹಾಕುವುದಿಲ್ಲ.”

“ನಿಮ್ಮ ಸಹಿ ಬೇಡ ಸರ್. ಸ್ಪಾನ್ಸರ್ ಸಿಕ್ಕಿ ಆಗಿದೆ.”

“ಯಾರು?”

“ಹೇಳಬಾರದು ಅಂತ ಹೇಳಿದ್ದಾರೆ.”

ಕಾರ್ಕಳದ ಭಾವನಲ್ಲದೆ ಇನ್ಯಾರು? ಶ್ರೀಮತಿಯ ಆ ಅಣ್ಣನಿಗೆ ಮೊದಲಿನಿಂದಲೂ ಇವರ ಮನೆಯ ವಿಷಯದಲ್ಲಿ ಕೈಹಾಕುವ ಚಾಳಿ. ಅಂದಿನಿಂದ ರಾಮದಾಸರು ಅವನ ಫೋನ್ ಎತ್ತಲಿಲ್ಲ.

“ಇನ್ನೊಂದು ಉಂಟು,” ಎಂದ ಲಿಯೋನೆಲ್. “ಓದು ಮುಗಿಸಿ ವಾಪಸ್ ಬರ್ತಾರೆ ಅಂತ ಅವರಿಗೆ ನಂಬಿಕೆ ಬರಬೇಕು. ಊರಿಗೆ ಎಳೆಯುವಂಥದ್ದು ಎಂತ ಉಂಟು?”

“ನಾನಿದ್ದೇನಲ್ಲ!”

ಲಿಯೋನೆಲ್ ಅದನ್ನು ಬರೆದುಕೊಳ್ಳಲಿಲ್ಲ. “ಬೇರೆ?”

ಮನೆಯೊಳಗೆ ಜಪಾನಿ ಹೊಕ್ಕಿತು. ಊರಿನಲ್ಲೇ ಜಪಾನಿ ಕಲಿಸುವ ಜೋನ್ ಟೀಚರ್ ಹೇಳಿಕೊಟ್ಟ ಪಾಠವನ್ನು ಸಂಜೆ ಒಬ್ಬಳು ಕೇಳುವುದು, ಇನ್ನೊಬ್ಬಳು ಒಪ್ಪಿಸುವುದು. ಕಾಫಿಗೆ ಕೂಗಿದರೆ ಒಳಗಿನಿಂದ “ಹೈ!”, ಅಂದರೆ ‘ಹೂಂ’, ಎಂದು ಜಪಾನಿ ಉತ್ತರ ಬರುತ್ತಿತ್ತು, ಕಾಫಿ ಬರುತ್ತಿರಲಿಲ್ಲ. ಮೊದಲ ಹಂತದ ಪರೀಕ್ಷೆಯೂ ಪಾಸಾಯಿತು.

ಜಪಾನಿನ ಭಾಷಾ ಶಾಲೆಯವರ ಸಂದರ್ಶನ ನಡೆದದ್ದು ಲಿಯೋನೆಲ್‌ನ ಕಂಪ್ಯೂಟರಿನಲ್ಲಿ. ರಾಮದಾಸರು ಬಾಗಿಲ ಹೊರಗೆ ನಿಂತು ಕಿವಿಗೊಟ್ಟರು. ಒಂದಕ್ಷರ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಜೋನ್ ಟೀಚರ್ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದರು.

“ಜಪಾನಿ ಭಾಷೆಯೇ ಯಾಕೆ ಅಂತ ಕೇಳಿದರು.”

“ಇವಳು ಎಂತ ಹೇಳಿದಳು?”

“‘ಈ ಭಾಷೆಯಲ್ಲಿ ಇಷ್ಟರವರೆಗೆ ಯಾರೂ ನನಗೆ ಕೆಲಸ ಹೇಳಿಲ್ಲ. ಅದಕ್ಕೆ’ ಅಂದರು.”

ಒಳಗೆ ಪರದೆಯ ಮೇಲಿನ ಜಪಾನಿ ಮೇಡಂ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಎಲ್ಲ ಕೆಟ್ಟಿತು ಎಂದು ರಾಮದಾಸರಿಗೆ ಸಮಾಧಾನವಾಯಿತು.

ಕೆಡಲಿಲ್ಲ. ಜಪಾನಿನಿಂದ ಅರ್ಹತಾ ಪತ್ರ ಬಂತು, ಅದರ ಬೆನ್ನಿಗೆ ವೀಸಾವೂ ಬಂತು.

ಮಂಗಳೂರು ವಿಮಾನ ನಿಲ್ದಾಣದಲ್ಲಿ ಅವಳು ಬಗ್ಗಿ ಕಾಲು ಮುಟ್ಟಿದಾಗ, ರಾಮದಾಸರು ಹೇಳಬೇಕೆಂದು ಇಟ್ಟುಕೊಂಡಿದ್ದ ಬುದ್ಧಿಮಾತೆಲ್ಲ ಮರೆತುಹೋಯಿತು. “ಅಲ್ಲಿ ಚಳಿಯಂತೆ. ತಣ್ಣೀರು ಕುಡಿಯಬೇಡ,” ಎಂದಷ್ಟೇ ಹೇಳಿದರು. ಅವಳು ಗಾಜಿನ ಬಾಗಿಲು ದಾಟಿ, ಒಮ್ಮೆ ತಿರುಗಿ ಕೈಬೀಸಿ, ಜನರ ನಡುವೆ ಮರೆಯಾದಳು.

“ಇನ್ನಾದರೂ ಹೇಳು,” ಎಂದರು ರಾಮದಾಸರು, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವಳಿಗೆ. “ದುಡ್ಡು ಹಾಕಿದ್ದು ಕಾರ್ಕಳದವನೇ ಅಲ್ವಾ?”

“ಅಲ್ಲ ಅಪ್ಪ, ಅದು ನನ್ನ ಸಂಬಳ,” ಎಂದಳು ಅನ್ವಿತಾ. “ಬನ್ನಿ, ಮನೆಗೆ ಹೋಗುವ. ಅನ್ನಕ್ಕೆ ನೀರು ಎಷ್ಟು ಇಡುವುದು ಅಂತ ನಿಮಗೆ ಹೇಳಿಕೊಡಬೇಕಂತೆ. ಒಳಗೆ ಹೋಗುವ ಮೊದಲು ಅಮ್ಮ ಅದೊಂದೇ ಕೆಲಸ ಹೇಳಿ ಹೋದದ್ದು.”