ಮೂರು ಹನಿ

ವೇಟರ್ ಸೇಸಪ್ಪ ಬರೋಲೊ ವೈನಿನ ಬಾಟಲಿಯನ್ನು ಬಗ್ಗಿಸುವಷ್ಟರಲ್ಲಿ, ಮಸ್ಕತ್ತಿನ ಆ ಹೋಟೆಲಿಗೆ ಊಟಕ್ಕೆ ಬಂದಿದ್ದ ಇಟಲಿಯ ಎಂಜಿನಿಯರ್ ಲೇಬಲ್ಲಿನಲ್ಲಿದ್ದ ಹಳೆಯ ಕೋಟೆಯ ಮೇಲೆ ಬೆರಳಿಟ್ಟ. "ಇದು ನಮ್ಮೂರಿನ ಕೋಟೆ. ಇದರ ಕೆಳಗೇ ನಮ್ಮಪ್ಪನ ದ್ರಾಕ್ಷಿತೋಟ. ಪ್ರತಿ ವರ್ಷವೂ ಮೊದಲ ಗುಟುಕು ಅಪ್ಪನದೇ."

ಸೇಸಪ್ಪನ ಕೈ ಅಲ್ಲೇ ನಿಂತಿತು. ಮೂಲ್ಕಿಯಲ್ಲಿ ಅವನ ಅಪ್ಪ ತಾಳೆಮರದಿಂದ ಕಳ್ಳು ಇಳಿಸಿದಾಗಲೆಲ್ಲ, ತೀರಿಹೋದ ಹಿರಿಯರಿಗೆಂದು ಮೊದಲು ಮೂರು ಹನಿ ನೆಲಕ್ಕೆ ಬಿಡುತ್ತಿದ್ದರು. ಆ ಅಪ್ಪ ತೀರಿಕೊಂಡ ಟೆಲಿಗ್ರಾಂ ನಿನ್ನೆ ಬಂದಿತ್ತು. ಊರಿಗೆ ಹೊರಡೋಣವೆಂದರೆ, ಅವನನ್ನು ಕೆಲಸಕ್ಕೆ ಕರೆಸಿಕೊಂಡು ಪಾಸ್‌ಪೋರ್ಟ್ ತನ್ನ ಬಳಿಯೇ ಇಟ್ಟುಕೊಂಡಿದ್ದ ಅರಬ್ ಧಣಿ, ಕಫೀಲ್, ಒಮಾನಿನಲ್ಲೇ ಇರಲಿಲ್ಲ.

ಬಾಟಲಿ ಗ್ಲಾಸನ್ನು ದಾಟಿ ಬಾಗಿತು. ಕಾರ್ಪೆಟ್ಟಿನ ಮೇಲೆ ಮೂರು ಕೆಂಪು ಹನಿ ಬಿದ್ದವು.

ಹಿರಿಯ ವೇಟರ್ ಕೊಗ್ಗ ಓಡಿ ಬಂದ. "ಎಂತ ಮಾರಾಯಾ, ಚೆಲ್ಲಿದ್ದಾ?"

"ಚೆಲ್ಲಿದ್ದಲ್ಲ ಕೊಗ್ಗಣ್ಣ, ಅಪ್ಪನಿಗೆ ಕೊಟ್ಟದ್ದು."