ಮುಂದಿನ ಕಾರು

ಧಾರವಾಡದ ಹೆದ್ದಾರಿಯಲ್ಲಿ ಈಗ ಯಾವ ಕಾರೂ ಇನ್ನೊಂದನ್ನು ಹಿಂದಿಕ್ಕುವುದಿಲ್ಲ. ಕಂಪ್ಯೂಟರ್ ಅವನ್ನು ಒಂದಕ್ಕೊಂದು ಜೋಡಿಸಿಬಿಡುತ್ತದೆ; ಮುಂದಿನದು ಹೋದಂತೆ ಹಿಂದಿನವೆಲ್ಲ ತಾವಾಗಿಯೇ ಹೋಗುತ್ತವೆ. ಅಂದು ಎಲ್ಲಕ್ಕೂ ಮುಂದಿದ್ದದ್ದು ಬಸಲಿಂಗಪ್ಪನ ಕಾರು. ಆಪರೇಷನ್ ಆದ ಹೆಂಡತಿ ನೀಲವ್ವನನ್ನು ಮನೆಗೆ ಕರೆತರುತ್ತಿದ್ದ ಅವನು, ಹೊಲಿಗೆ ಜಗ್ಗದಿರಲೆಂದು ವೇಗವನ್ನು ಎತ್ತಿನ ಗಾಡಿಯಷ್ಟಕ್ಕೆ ಇಳಿಸಿದ್ದ.

"ಯಾಕ್ರೀ ಅಣ್ಣಾರ, ಇಷ್ಟ್ ಸಾವಕಾಶ?" ಹಿಂದಿನ ಕಾರಿನ ಹೆಂಗಸು ಸ್ಪೀಕರಿನಲ್ಲಿ ಕೇಳಿದಳು.

"ನಮ್ಮಾಕಿಗೆ ಹೊಟ್ಟಿ ಆಪರೇಷನ್ ಆಗೇತ್ರೀ ಅಕ್ಕಾರ."

ಮಾತು ಕಾರಿನಿಂದ ಕಾರಿಗೆ ದಾಟುತ್ತ ಹಿಂದಕ್ಕೆ ಹೋಯಿತು. ಹಾಗೆಯೇ ದಾಟುತ್ತ ಉತ್ತರವೂ ಬಂತು: "ಗಡಿಬಿಡಿ ಬ್ಯಾಡ, ಆರಾಮ್ ಹೋಗ್ರಿ ಅಂತಾರ್ರೀ ಎಲ್ಲಾರೂ."

ನೀಲವ್ವ ಕನ್ನಡಿಯಲ್ಲಿ ಆ ಉದ್ದನೆಯ ಸಾಲನ್ನು ನೋಡಿದಳು. ಅವರಿಬ್ಬರದು ರಿಜಿಸ್ಟರ್ ಮದುವೆ. ಎರಡೂ ಮನೆಯಿಂದ ಯಾರೂ ಬಂದಿರಲಿಲ್ಲ.

"ನಮ್ಮ ಮದವಿ ಮೆರವಣಿಗಿ ಈಗ ಹೊಂಟೈತಿ ನೋಡ್ರಿ," ಎಂದಳು, ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಗುತ್ತ.

ಬಸಲಿಂಗಪ್ಪ ವೇಗವನ್ನು ಇನ್ನಷ್ಟು ಇಳಿಸಿದ.